ಕಿಲ್ ಮಾಡೋಕೆ ಮುಂಚೆ ಒಂದು ಫೋನ್ ಮಾಡಿ

ಹೋದ ಸೆಮಿಸ್ಟರ್ ಕೊನೆಯಲ್ಲಿ ನಾನು ಒಂದು ಎಂಟರ್ ಒತ್ತಿ, ಫೈನಲ್ ಇಯರ್ ಅಕ್ಕ ಒಬ್ಬರ 19 ಗಂಟೆಯ ಕೆಲಸ ಹಾಳು ಮಾಡಿದೆ. ಬೇಕು ಅಂತ ಮಾಡಿದ್ದಲ್ಲ. ಎಲ್ಲರಿಗೂ ಸಹಾಯ ಮಾಡ್ತಿದ್ದೀನಿ ಅಂದುಕೊಂಡೇ ಮಾಡಿದ್ದು. ಅಲ್ಲಿ ನಿಜವಾಗಿ ಏನಾಗಿತ್ತು, ಏನು ಮಾಡಬೇಕಿತ್ತು ಅಂತ ಆಮೇಲೆ ಕೂತು ಓದಿದೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾಡಿ ನೋಡಿದೆ. ಅದನ್ನೇ ಇಲ್ಲಿ ಬರೀತಿದ್ದೀನಿ. ನಮ್ಮ ಹಾಗೆ ಒಂದೇ ಸರ್ವರ್ ಹಂಚಿಕೊಂಡು ಕೆಲಸ ಮಾಡೋರಿಗೆ ಇದು ಇವತ್ತಲ್ಲ ನಾಳೆ ಬೇಕಾಗುತ್ತೆ. ಕಮಾಂಡ್‌ಗಳ ಹೆಸರನ್ನೂ ಕನ್ನಡದಲ್ಲೇ ಬರೆದಿದ್ದೀನಿ, ಟೈಪ್ ಮಾಡೋದು ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲಿ.

ಆವತ್ತು ಆಗಿದ್ದು

ನಮ್ಮ ಲ್ಯಾಬ್‌ನಲ್ಲಿ ಒಂದು ಲಿನಕ್ಸ್ ಸರ್ವರ್ ಇದೆ. 8 ಕೋರ್, 32 ಜಿಬಿ ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹಾಸ್ಟೆಲ್‌ನಿಂದ, ಲೈಬ್ರರಿಯಿಂದ ಎಲ್ಲರೂ ವಿಎನ್‌ಸಿ ಮೂಲಕ ಅದಕ್ಕೆ ಲಾಗಿನ್ ಆಗ್ತೀವಿ. ವಿಎನ್‌ಸಿ ಅಂದ್ರೆ ದೂರದ ಕಂಪ್ಯೂಟರ್‌ನ ಡೆಸ್ಕ್‌ಟಾಪನ್ನು ನಮ್ಮ ಸ್ಕ್ರೀನ್ ಮೇಲೆ ತೋರಿಸೋ ವ್ಯವಸ್ಥೆ. ಒಬ್ಬೊಬ್ಬರಿಗೂ ಸರ್ವರ್ ಒಳಗೆ ಒಂದೊಂದು ಡೆಸ್ಕ್‌ಟಾಪ್ ಇರುತ್ತೆ. ನಾವು ಲ್ಯಾಪ್‌ಟಾಪ್ ಮುಚ್ಚಿ ಮಲಗಿದ್ರೂ ಆ ಡೆಸ್ಕ್‌ಟಾಪ್ ಅಲ್ಲಿ ಓಡ್ತಾನೇ ಇರುತ್ತೆ.

ರೆಕಾರ್ಡ್ ಸಬ್ಮಿಶನ್‌ನ ಹಿಂದಿನ ರಾತ್ರಿ. ಒಂದು ಅಕ್ಷರ ಟೈಪ್ ಮಾಡಿದ್ರೆ ಸ್ಕ್ರೀನ್ ಮೇಲೆ ಬರೋಕೆ ಮೂರು ಸೆಕೆಂಡ್. ಕ್ಲಾಸ್ ಗ್ರೂಪ್‌ನಲ್ಲಿ ಒಂದೇ ಸಮನೆ ಮೆಸೇಜ್, "ಸರ್ವರ್ ಹ್ಯಾಂಗ್ ಆಗಿದೆ, ಯಾರಾದ್ರೂ ಏನಾದ್ರೂ ಮಾಡ್ರೋ" ಅಂತ. ಲ್ಯಾಬ್‌ನ ಸರ್ ನನಗೂ ಇನ್ನೊಬ್ಬನಿಗೂ ಅಡ್ಮಿನ್ ಪರ್ಮಿಶನ್ ಕೊಟ್ಟಿದ್ರು, ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡೋಕೆ ಅಂತ. ನಾನು ಟಾಪ್ ಕಮಾಂಡ್ ಓಡಿಸಿದೆ. ಪಟ್ಟಿಯ ಮೇಲೆ ಗ್ನೋಮ್ ಶೆಲ್ ಅನ್ನೋ ಒಂದು ಪ್ರಾಸೆಸ್ ಶೇಕಡಾ 470 ಸಿಪಿಯು ತಿಂತಿತ್ತು. ಯೂಸರ್ ಹೆಸರು ನೋಡಿದ್ರೆ ಫೈನಲ್ ಇಯರ್‌ದು. ರಾತ್ರಿ ಹನ್ನೊಂದೂವರೆ. ಮರೆತು ಲಾಗೌಟ್ ಆಗದೆ ಹೋಗಿರಬೇಕು ಅಂದುಕೊಂಡೆ. ಕಿಲ್ -9 ಕೊಟ್ಟೆ.

ಸತ್ತ ಗ್ನೋಮ್ ಶೆಲ್ ಎರಡೇ ಸೆಕೆಂಡ್‌ನಲ್ಲಿ ಹೊಸ ನಂಬರ್ ಹಾಕಿಕೊಂಡು ವಾಪಸ್ ಬಂತು. ಮತ್ತೆ ಶೇಕಡಾ 470. ಇದಕ್ಕೆ ಬುದ್ಧಿ ಕಲಿಸ್ತೀನಿ ಅಂತ ಅದೇ ಯೂಸರ್‌ನ ಎಕ್ಸ್ ಸರ್ವರ್ ಪ್ರಾಸೆಸ್ಸನ್ನೇ ಕಿಲ್ ಮಾಡಿದೆ. ಎಲ್ಲ ತಣ್ಣಗಾಯ್ತು. ಗ್ರೂಪ್‌ನಲ್ಲಿ ಎಲ್ಲರೂ ನನಗೆ ಚಪ್ಪಾಳೆ ಹಾಕಿದ್ರು. ಬೆಳಿಗ್ಗೆ ಎಂಟಕ್ಕೆ ಆ ಅಕ್ಕನ ಫೋನ್ ಬಂತು.

ನಿಧಾನ ಅಂದ್ರೆ ಏನು?

ಮೊದಲು ಟಾಪ್ ಓದೋದು ಹೇಗೆ ಅಂತ ನೋಡೋಣ. ನಾನು ಆವತ್ತು ಅದನ್ನು ನೋಡಿದೆ, ಓದಲಿಲ್ಲ.

ಮೇಲಿನ ಸಾಲಿನಲ್ಲಿ ಲೋಡ್ ಆವರೇಜ್ ಅಂತ ಮೂರು ಸಂಖ್ಯೆ ಇರುತ್ತೆ. ಹೋದ 1 ನಿಮಿಷ, 5 ನಿಮಿಷ, 15 ನಿಮಿಷಗಳಲ್ಲಿ ಸರಾಸರಿ ಎಷ್ಟು ಕೆಲಸಗಳು ಓಡ್ತಿದ್ವು ಅಥವಾ ತಮ್ಮ ಸರದಿಗೆ ಕಾಯ್ತಿದ್ವು ಅನ್ನೋದರ ಲೆಕ್ಕ. ಡಿಸ್ಕ್‌ಗೆ ಕಾಯ್ತಾ ಸಿಕ್ಕಿಹಾಕಿಕೊಂಡಿರೋದನ್ನೂ ಲಿನಕ್ಸ್ ಇದರಲ್ಲಿ ಸೇರಿಸುತ್ತೆ. ಮೆಸ್‌ನಲ್ಲಿ ಎಂಟು ಕಾವಲಿ ಇದ್ದು, ದೋಸೆಗೆ ಎಂಟು ಜನ ಬಂದ್ರೆ ಯಾರೂ ಕಾಯಬೇಕಿಲ್ಲ. 19 ಜನ ಬಂದ್ರೆ 11 ಜನ ತಟ್ಟೆ ಹಿಡಿದು ನಿಂತಿರ್ತಾರೆ. ಹಾಗೇ 8 ಕೋರ್ ಇರೋ ಯಂತ್ರದಲ್ಲಿ ಲೋಡ್ 8ರ ಆಸುಪಾಸು ಇದ್ರೆ ಪರವಾಗಿಲ್ಲ. 19 ಅಂದ್ರೆ ಸಾಲು ಬೆಳೆದಿದೆ ಅಂತ ಅರ್ಥ. ನಿಮ್ಮ ಯಂತ್ರದಲ್ಲಿ ಎಷ್ಟು ಕೋರ್ ಇದೆ ಅಂತ ಎನ್‌ಪ್ರಾಕ್ ಕಮಾಂಡ್ ಹೇಳುತ್ತೆ. ಮೂರೂ ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು. ಮೊದಲನೇದು ದೊಡ್ಡದು, ಕೊನೇದು ಚಿಕ್ಕದು ಇದ್ರೆ ರಶ್ ಈಗಷ್ಟೇ ಶುರುವಾಗಿದೆ. ಮೂರೂ ದೊಡ್ಡದಿದ್ರೆ ತುಂಬ ಹೊತ್ತಿನಿಂದ ಹೀಗೇ ಇದೆ.

ಇನ್ನು ಸಿಪಿಯು ಶೇಕಡಾ. ಟಾಪ್‌ನಲ್ಲಿ ಸಾಮಾನ್ಯವಾಗಿ ಒಂದು ಕೋರ್‌ಗೆ 100. ಹಾಗಾಗಿ 470 ಅಂದ್ರೆ ಹೆಚ್ಚೂ ಕಡಿಮೆ ಐದು ಕೋರ್ ಅದೊಂದರ ಕೈಯಲ್ಲಿ. ನಮ್ಮ ಸರ್ವರ್‌ಗೆ ಉಳಿದಿದ್ದು ಮೂರು ಚಿಲ್ಲರೆ.

ಆದ್ರೆ ಎಲ್ಲ ನಿಧಾನಕ್ಕೂ ಸಿಪಿಯುವೇ ಕಾರಣ ಅಲ್ಲ. ಟಾಪ್‌ನ ಸಿಪಿಯು ಸಾಲಿನಲ್ಲಿ ಡಬ್ಲ್ಯುಎ ಅನ್ನೋ ಸಂಖ್ಯೆ ಜಾಸ್ತಿ ಇದ್ರೆ, ಸಿಪಿಯು ಸುಮ್ಮನೆ ಡಿಸ್ಕ್‌ಗಾಗಿ ಕಾಯ್ತಾ ಕೂತಿದೆ. ಸ್ವಾಪ್ ತುಂಬ್ತಿದ್ರೆ ರ‍್ಯಾಮ್ ಸಾಕಾಗ್ತಿಲ್ಲ. ಈ ಮೂರರಲ್ಲಿ ಯಾವುದು ಅಂತ ತಿಳಿಯದೆ ಕೈ ಹಾಕಬಾರದು. ಯಾಕಂದ್ರೆ ಸಿಪಿಯು ಸಮಸ್ಯೆಗೆ ಇರೋ ಮದ್ದು ರ‍್ಯಾಮ್ ಸಮಸ್ಯೆಗೆ ನಾಟಲ್ಲ.

ಬರೀ ಚಿತ್ರ ಬಿಡಿಸೋಕೆ ಐದು ಕೋರ್ ಯಾಕೆ?

ಡೆಸ್ಕ್‌ಟಾಪ್ ಅಂದ್ರೆ ಒಂದೇ ಪ್ರೋಗ್ರಾಂ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ನಮ್ಮ ಸರ್ವರ್‌ನಲ್ಲಿರೋ ವಿಎನ್‌ಸಿ ವ್ಯವಸ್ಥೆಯಲ್ಲಿ ಮೂರು ಪದರ ಇದೆ.

ಕೆಳಗಿನದು ಎಕ್ಸ್ ಸರ್ವರ್. ಸ್ಕ್ರೀನ್, ಕೀಬೋರ್ಡ್, ಮೌಸ್ ಅದರ ಕೈಯಲ್ಲಿರುತ್ತೆ. ವಿಎನ್‌ಸಿಯಲ್ಲಿ ನಿಜವಾದ ಸ್ಕ್ರೀನ್ ಇಲ್ಲ, ಮೆಮೊರಿಯಲ್ಲೇ ಒಂದು ಸ್ಕ್ರೀನ್ ಇಟ್ಟುಕೊಂಡಿರುತ್ತೆ. ಅದರ ಮೇಲಿನದು ಗ್ನೋಮ್ ಶೆಲ್. ಇದು ಎಲ್ಲ ವಿಂಡೋಗಳ ಚಿತ್ರವನ್ನು ಒಟ್ಟುಗೂಡಿಸಿ, ನೆರಳು ಹಾಕಿ, ಮೇಲಿನ ಬಾರ್ ಸೇರಿಸಿ ಒಂದು ಪೂರ್ತಿ ದೃಶ್ಯ ಮಾಡುತ್ತೆ. ಮೂರನೇದು ನಮ್ಮ ಅಪ್ಲಿಕೇಶನ್‌ಗಳು: ಎಡಿಟರ್, ಬ್ರೌಸರ್, ಸಿಮ್ಯುಲೇಶನ್ ಟೂಲ್.

ಆ ಒಟ್ಟುಗೂಡಿಸೋ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲಿ ಜಿಪಿಯು ಮಾಡುತ್ತೆ. ಅದಕ್ಕೆ ಅದು ಲೀಲಾಜಾಲ. ಜಿಪಿಯು ಇಲ್ಲದ ಸರ್ವರ್‌ನಲ್ಲಿ ಮೀಸಾ ಅನ್ನೋ ಗ್ರಾಫಿಕ್ಸ್ ಲೈಬ್ರರಿಯ ಎಲ್‌ಎಲ್‌ವಿಎಂಪೈಪ್ ಅನ್ನೋ ಭಾಗ ಅದೇ ಕೆಲಸವನ್ನು ಸಿಪಿಯು ಮೇಲೆ ಮಾಡುತ್ತೆ. ಒಂದು ಲೆಕ್ಕ ಹಾಕಿ ನೋಡಿ. 1920 ಗುಣಿಸು 1080 ಅಂದ್ರೆ ಒಂದು ಫ್ರೇಮ್‌ಗೆ 20,73,600 ಪಿಕ್ಸೆಲ್. ಸೆಕೆಂಡಿಗೆ 60 ಫ್ರೇಮ್ ಆದ್ರೆ 12 ಕೋಟಿಗೂ ಮೀರಿ. ಒಂದೊಂದು ಪಿಕ್ಸೆಲ್‌ಗೆ 4 ಬೈಟ್ ಅಂದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 500 ಎಂಬಿ. ಅಷ್ಟನ್ನೂ ಸಿಪಿಯು ಕೂತು ಬಿಡಿಸಬೇಕು. ಕೆಲಸ ಬೇಗ ಆಗಲಿ ಅಂತ ಎಲ್‌ಎಲ್‌ವಿಎಂಪೈಪ್ ಹಲವು ಥ್ರೆಡ್‌ಗಳನ್ನು ಹುಟ್ಟಿಸಿ ಹಲವು ಕೋರ್‌ಗಳಿಗೆ ಹರಡುತ್ತೆ. ಅದಕ್ಕೇ ಶೇಕಡಾ 100 ದಾಟಿ 470ಕ್ಕೆ ಹೋಗಿದ್ದು.

ಸ್ಕ್ರೀನ್ ಮೇಲೆ ಏನೂ ಬದಲಾಗದೆ ಇದ್ರೆ ಈ ಕೆಲಸ ಇಲ್ಲ. ಗ್ನೋಮ್ ಶೆಲ್ ಸುಮ್ಮನಿರುತ್ತೆ. ಏನಾದ್ರೂ ಸದಾ ಅಲ್ಲಾಡ್ತಿದ್ರೆ ಮಾತ್ರ ಕಷ್ಟ. ಆ ಅಕ್ಕ ಆಂಟೆನಾ ಸಿಮ್ಯುಲೇಶನ್ ಹಾಕಿ, ಅದರ ಪ್ರೋಗ್ರೆಸ್ ಗ್ರಾಫನ್ನು ಫುಲ್ ಸ್ಕ್ರೀನ್ ಇಟ್ಟು, ವಿಎನ್‌ಸಿ ಕಿಟಕಿ ಮುಚ್ಚಿ ಮಲಗಿದ್ರು. ಗ್ರಾಫ್ ಕ್ಷಣಕ್ಷಣಕ್ಕೂ ಬದಲಾಗ್ತಿತ್ತು. ನೋಡೋಕೆ ಒಬ್ಬರೂ ಇಲ್ಲದ ಸ್ಕ್ರೀನನ್ನು ಶೆಲ್ ರಾತ್ರಿಯಿಡೀ ಬಿಡಿಸ್ತಾ ಇತ್ತು. ಸಿಮ್ಯುಲೇಶನ್‌ಗೆ ಬೇಕಾಗಿದ್ದು ಒಂದೇ ಕೋರ್. ಅದನ್ನು ತೋರಿಸೋಕೆ ಖರ್ಚಾಗಿದ್ದು ಹತ್ತಿರ ಐದು. ಮದುವೆ ಊಟಕ್ಕಿಂತ ಫೋಟೋಗೆ ಜಾಸ್ತಿ ದುಡ್ಡು ಹೋದ ಹಾಗೆ.

ನಿಮ್ಮ ಸರ್ವರ್‌ನಲ್ಲೂ ಹೀಗೇನಾ ಅಂತ ನೋಡೋಕೆ ಎರಡು ದಾರಿ ಇದೆ. ಟಾಪ್ ಒಳಗೆ ದೊಡ್ಡ ಎಚ್ ಒತ್ತಿದ್ರೆ ಥ್ರೆಡ್‌ಗಳು ಬಿಡಿಬಿಡಿಯಾಗಿ ಕಾಣುತ್ತೆ. ಎಲ್‌ಎಲ್‌ವಿಎಂಪೈಪ್-0, ಎಲ್‌ಎಲ್‌ವಿಎಂಪೈಪ್-1 ಅನ್ನೋ ಹೆಸರುಗಳು ಸಾಲಾಗಿ ಬಂದ್ರೆ ಇದೇ ಕಾಯಿಲೆ. ಇಲ್ಲಾಂದ್ರೆ ಆ ಡೆಸ್ಕ್‌ಟಾಪ್ ಒಳಗೆ ಜಿಎಲ್‌ಎಕ್ಸ್‌ಇನ್ಫೋ ಓಡಿಸಿ, ರೆಂಡರರ್ ಅನ್ನೋ ಸಾಲಿನಲ್ಲಿ ಯಾರ ಹೆಸರಿದೆ ನೋಡಿ.

ನಾನು ಮಾಡಿದ ಎರಡು ತಪ್ಪು

ಮೊದಲನೇ ಕಿಲ್‌ನಿಂದ ಯಾರಿಗೂ ನಷ್ಟ ಆಗಿರಲಿಲ್ಲ. ಎಕ್ಸ್ ವ್ಯವಸ್ಥೆಯಲ್ಲಿ ಶೆಲ್ ಸತ್ತರೂ ಅಪ್ಲಿಕೇಶನ್‌ಗಳು ಸಾಯಲ್ಲ, ಯಾಕಂದ್ರೆ ಅವು ಹಿಡಿದುಕೊಂಡಿರೋದು ಕೆಳಗಿನ ಎಕ್ಸ್ ಸರ್ವರನ್ನು. ಶೆಲ್ ಬಿದ್ದದ್ದು ಕಂಡ ತಕ್ಷಣ ಸೆಷನ್ ನೋಡಿಕೊಳ್ಳೋ ವ್ಯವಸ್ಥೆ ಅದನ್ನು ಮತ್ತೆ ಎಬ್ಬಿಸುತ್ತೆ. ಅದಕ್ಕೇ ಅದು ವಾಪಸ್ ಬಂದಿದ್ದು. ಕಾರಣವಾದ ಗ್ರಾಫ್ ಅಲ್ಲೇ ಇತ್ತು, ಹಾಗಾಗಿ ಹೊಸ ಶೆಲ್ ಕೂಡ ಅದೇ ಕೆಲಸಕ್ಕೆ ಕೂತಿತು. ಲಕ್ಷಣವನ್ನು ಕೊಂದಿದ್ದೆ, ಕಾರಣವನ್ನು ಮುಟ್ಟಿರಲಿಲ್ಲ.

ಎರಡನೇ ಕಿಲ್ ಅನಾಹುತ ಮಾಡ್ತು. ಎಕ್ಸ್ ಸರ್ವರ್ ಹೋದ್ರೆ ಅದಕ್ಕೆ ಕನೆಕ್ಟ್ ಆಗಿರೋ ಎಲ್ಲ ಅಪ್ಲಿಕೇಶನ್‌ಗಳ ಕೊಂಡಿ ಕಡಿದುಹೋಗುತ್ತೆ, ಸಾಮಾನ್ಯವಾಗಿ ಎಲ್ಲವೂ ಮುಚ್ಚಿಹೋಗುತ್ತೆ. ಸೇವ್ ಆಗದ ಸಿಮ್ಯುಲೇಶನ್ ಅದರ ಜೊತೆಗೇ ಹೋಯ್ತು.

ವೇಲ್ಯಾಂಡ್ ಅನ್ನೋ ಹೊಸ ವ್ಯವಸ್ಥೆಯಲ್ಲಿ ಇನ್ನೂ ಹುಷಾರಾಗಿರಬೇಕು. ಅಲ್ಲಿ ಗ್ನೋಮ್ ಶೆಲ್ ತಾನೇ ಡಿಸ್ಪ್ಲೇ ಸರ್ವರ್ ಕೂಡ. ಎರಡು ಪದರ ಸೇರಿ ಒಂದಾಗಿದೆ. ಹಾಗಾಗಿ ಅಲ್ಲಿ ಶೆಲ್ ಒಂದನ್ನು ಕೊಂದರೂ ಅಪ್ಲಿಕೇಶನ್‌ಗಳು ಅದರ ಜೊತೆ ಬಿದ್ದುಹೋಗುತ್ತೆ. ಯಾವ ವ್ಯವಸ್ಥೆ ಅಂತ ಗೊತ್ತಿಲ್ಲದೆ ಕಿಲ್ ಕಡೆ ಕೈ ಹಾಕಬೇಡಿ.

ಮೆಲ್ಲಗಿನಿಂದ ಜೋರಿಗೆ

ಈಗ ನಾನು ಪಾಲಿಸೋ ಕ್ರಮ ಇದು. ಮೇಲಿನ ಮೆಟ್ಟಿಲಲ್ಲಿ ಕೆಲಸ ಆದ್ರೆ ಕೆಳಗೆ ಇಳಿಯೋದು ಬೇಡ.

1. ಯಾರದ್ದು, ಏನು ಅಂತ ನೋಡಿ. ಟಾಪ್‌ನಲ್ಲಿ ಸಣ್ಣ ಸಿ ಒತ್ತಿದ್ರೆ ಪೂರ್ತಿ ಕಮಾಂಡ್ ಕಾಣುತ್ತೆ. ಡಬ್ಲ್ಯು ಅನ್ನೋ ಒಂದಕ್ಷರದ ಕಮಾಂಡ್‌ನಿಂದ ಯಾರು ಲಾಗಿನ್ ಆಗಿದ್ದಾರೆ ಅಂತ ತಿಳಿಯುತ್ತೆ. ಪಿಎಸ್‌ಟ್ರೀ ಕಮಾಂಡ್‌ಗೆ ಯೂಸರ್ ಹೆಸರು ಕೊಟ್ರೆ ಆ ಯೂಸರ್‌ನ ಎಲ್ಲ ಪ್ರಾಸೆಸ್‌ಗಳು ಮರದ ಹಾಗೆ ಕಾಣುತ್ತೆ. ನಾನು ಇದೊಂದನ್ನು ನೋಡಿದ್ರೂ ಸಿಮ್ಯುಲೇಶನ್ ಓಡ್ತಿದೆ ಅಂತ ಗೊತ್ತಾಗ್ತಿತ್ತು.

2. ಆ ವ್ಯಕ್ತಿಯನ್ನು ಕೇಳಿ. ಇದು ಟೆಕ್ನಿಕಲ್ ಮೆಟ್ಟಿಲೇ, ಔಪಚಾರಿಕತೆ ಅಲ್ಲ. ಆ ಪ್ರಾಸೆಸ್ ನಿಜಕ್ಕೂ ಬೇಕಾ ಬೇಡವಾ ಅನ್ನೋ ಮಾಹಿತಿ ಟಾಪ್‌ನಲ್ಲಿ ಎಲ್ಲೂ ಇಲ್ಲ. ಅದು ಅವರ ತಲೆಯಲ್ಲಿ ಮಾತ್ರ ಇದೆ.

3. ಕಾರಣ ತೆಗೀರಿ. ಅಲ್ಲಾಡ್ತಿರೋ ವಿಂಡೋವನ್ನು ಮಿನಿಮೈಸ್ ಮಾಡಿದ್ರೆ ಶೆಲ್‌ಗೆ ಬಿಡಿಸೋಕೆ ಏನೂ ಉಳಿಯಲ್ಲ. ಸೆಟ್ಟಿಂಗ್ಸ್‌ನಲ್ಲಿ ಅನಿಮೇಶನ್ ಆಫ್ ಮಾಡಬಹುದು. ಸ್ಕ್ರೀನ್ ರೆಸಲ್ಯೂಶನ್ ಇಳಿಸಿದ್ರೆ ಪಿಕ್ಸೆಲ್ ಲೆಕ್ಕವೇ ಇಳಿಯುತ್ತೆ. ಶೆಲ್ ಸುಮ್ಮನೆ ಕೆಟ್ಟು ಕೂತಿದ್ರೆ, ಎಕ್ಸ್ ಸೆಷನ್‌ನಲ್ಲಿ ಆಲ್ಟ್ ಮತ್ತು ಎಫ್2 ಒತ್ತಿ, ಆರ್ ಟೈಪ್ ಮಾಡಿ ಎಂಟರ್ ಕೊಟ್ರೆ ಶೆಲ್ ಮಾತ್ರ ರೀಸ್ಟಾರ್ಟ್ ಆಗುತ್ತೆ, ತೆರೆದ ವಿಂಡೋಗಳು ಹಾಗೇ ಇರುತ್ತೆ. ವೇಲ್ಯಾಂಡ್‌ನಲ್ಲಿ ಈ ಸೌಲಭ್ಯ ಇಲ್ಲ.

4. ಆದ್ಯತೆ ಇಳಿಸಿ. ಪ್ರತಿ ಪ್ರಾಸೆಸ್‌ಗೆ ನೈಸ್ ಅನ್ನೋ ಒಂದು ಸಂಖ್ಯೆ ಇರುತ್ತೆ, -20ರಿಂದ 19ರವರೆಗೆ. ಸಂಖ್ಯೆ ಜಾಸ್ತಿ ಆದಷ್ಟೂ ಅದು ಬೇರೆಯವರಿಗೆ ಜಾಗ ಬಿಡುತ್ತೆ, ಅದಕ್ಕೇ ಆ ಹೆಸರು. ಸಾಮಾನ್ಯವಾಗಿ 0 ಇರುತ್ತೆ. ಒಂದೇ ಕೋರ್‌ಗೆ 0 ಇರೋದೂ 19 ಇರೋದೂ ಪೈಪೋಟಿ ಮಾಡಿದ್ರೆ, ಲಿನಕ್ಸ್ ಅವುಗಳಿಗೆ 1024 ಮತ್ತು 15ರ ಲೆಕ್ಕದಲ್ಲಿ ಸಮಯ ಹಂಚುತ್ತೆ. ಅಂದ್ರೆ ಸುಮಾರು 68 ಪಟ್ಟು ವ್ಯತ್ಯಾಸ. ಪೈಪೋಟಿ ಇಲ್ಲದಾಗ 19 ಇದ್ರೂ ಪೂರ್ತಿ ಕೋರ್ ಸಿಗುತ್ತೆ. ನಮ್ಮದೇ ಪ್ರಾಸೆಸ್‌ನ ನೈಸನ್ನು ರೆನೈಸ್ ಕಮಾಂಡ್‌ನಿಂದ ನಾವೇ ಏರಿಸಬಹುದು. ಇನ್ನೊಬ್ಬರದ್ದನ್ನು ಬದಲಿಸೋಕೆ ಅಡ್ಮಿನ್ ಬೇಕು.

ರೆನೈಸ್ ಮಾಡಿದ್ರೂ ಏನೂ ಬದಲಾಗಲಿಲ್ಲ ಅಂತ ಅನಿಸಿದ್ರೆ ಎರಡು ಕಾರಣ ಇರಬಹುದು. ಒಂದು, ಲಿನಕ್ಸ್‌ನಲ್ಲಿ ನೈಸ್ ಒಂದೊಂದು ಥ್ರೆಡ್‌ಗೂ ಬೇರೆ ಬೇರೆ. ಪ್ರಾಸೆಸ್ ನಂಬರ್ ಕೊಟ್ರೆ ಮುಖ್ಯ ಥ್ರೆಡ್ ಮಾತ್ರ ಬದಲಾಗುತ್ತೆ, ಆಗಲೇ ಹುಟ್ಟಿರೋ ಎಲ್‌ಎಲ್‌ವಿಎಂಪೈಪ್ ಥ್ರೆಡ್‌ಗಳು ಹಾಗೇ ಇರುತ್ತೆ. ಟಾಪ್‌ನಲ್ಲಿ ದೊಡ್ಡ ಎಚ್ ಒತ್ತಿದಾಗ ಕಾಣೋ ಥ್ರೆಡ್ ನಂಬರ್‌ಗಳನ್ನೇ ಕೊಡಬೇಕು. ಎರಡು, ಆಟೋಗ್ರೂಪ್ ಅನ್ನೋ ಸೌಲಭ್ಯ ಆನ್ ಇದ್ರೆ ಕರ್ನೆಲ್ ಮೊದಲು ಸೆಷನ್‌ಗಳ ಮಧ್ಯೆ ಸಿಪಿಯು ಹಂಚಿ, ಆಮೇಲೆ ಆ ಗುಂಪಿನ ಒಳಗೆ ಮಾತ್ರ ನೈಸ್ ನೋಡುತ್ತೆ.

5. ತಾತ್ಕಾಲಿಕವಾಗಿ ನಿಲ್ಲಿಸಿ. ಕಿಲ್ ಅನ್ನೋ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತೆ. ಅದು ಕೊಲ್ಲೋ ಕಮಾಂಡ್ ಅಲ್ಲ, ಸಿಗ್ನಲ್ ಕಳಿಸೋ ಕಮಾಂಡ್. ಅದರಿಂದ ಸ್ಟಾಪ್ ಸಿಗ್ನಲ್ ಕಳಿಸಿದ್ರೆ ಪ್ರಾಸೆಸ್ ಇದ್ದಲ್ಲೇ ನಿಲ್ಲುತ್ತೆ. ಕಂಟ್ ಸಿಗ್ನಲ್ ಕಳಿಸಿದ್ರೆ ನಿಂತಲ್ಲಿಂದ ಮುಂದುವರಿಯುತ್ತೆ. ಸಿಪಿಯು ಬಿಡುವಾಗುತ್ತೆ, ಹಿಡಿದ ರ‍್ಯಾಮ್ ಮಾತ್ರ ಬಿಡಲ್ಲ.

ಇದನ್ನು ಓದಿದಾಗ ನನಗೆ ಹೊಟ್ಟೆಯೊಳಗೆ ಒಂಥರಾ ಆಯ್ತು. ಆವತ್ತು ಗ್ನೋಮ್ ಶೆಲ್‌ಗೆ ಕಿಲ್ -9 ಬದಲು ಸ್ಟಾಪ್ ಕಳಿಸಿದ್ದಿದ್ರೆ? ಎಕ್ಸ್ ಸರ್ವರ್ ಬದುಕಿರ್ತಿತ್ತು. ಸಿಮ್ಯುಲೇಶನ್ ತನ್ನ ಒಂದು ಕೋರ್‌ನಲ್ಲಿ ಓಡ್ತಾ ಇರ್ತಿತ್ತು. ಚಿತ್ರ ಬಿಡಿಸೋದು ಮಾತ್ರ ನಿಲ್ಲುತ್ತಿತ್ತು. ಬೆಳಿಗ್ಗೆ ಅಕ್ಕ ಬಂದಾಗ ಸ್ಕ್ರೀನ್ ಹೆಪ್ಪುಗಟ್ಟಿರ್ತಿತ್ತು, ಒಂದು ಕಂಟ್ ಕಳಿಸಿದ್ರೆ ಸರಿಯಾಗ್ತಿತ್ತು. ಇದನ್ನು ಆಮೇಲೆ ನನ್ನ ಲ್ಯಾಪ್‌ಟಾಪ್‌ನ ವಿಎನ್‌ಸಿ ಸೆಷನ್‌ನಲ್ಲಿ ಮಾಡಿ ನೋಡಿದೆ, ಹಾಗೇ ಆಯ್ತು. ಆದ್ರೆ ವೇಲ್ಯಾಂಡ್‌ನಲ್ಲಿ ಈ ಉಪಾಯ ನಂಬಬೇಡಿ. ಅಲ್ಲಿ ಶೆಲ್ ನಿಂತ್ರೆ ಅಪ್ಲಿಕೇಶನ್‌ಗಳೂ ಅದಕ್ಕಾಗಿ ಕಾಯ್ತಾ ಸಿಕ್ಕಿಹಾಕಿಕೊಳ್ಳಬಹುದು.

6. ಮರ್ಯಾದೆಯಿಂದ ಕಳಿಸಿ. ಯಾವ ನಂಬರೂ ಕೊಡದೆ ಕಿಲ್ ಮಾಡಿದ್ರೆ ಟರ್ಮ್ ಸಿಗ್ನಲ್ ಹೋಗುತ್ತೆ, ಅದರ ಸಂಖ್ಯೆ 15. "ಸಾಮಾನು ಕಟ್ಟಿಕೊಂಡು ಹೊರಡು" ಅಂತ ಹೇಳಿದ ಹಾಗೆ. ಚೆನ್ನಾಗಿ ಬರೆದ ಪ್ರೋಗ್ರಾಂ ಫೈಲ್ ಸೇವ್ ಮಾಡಿ, ಟೆಂಪರರಿ ಫೈಲ್ ಅಳಿಸಿ ಹೊರಡುತ್ತೆ. ಒಂದರ್ಧ ನಿಮಿಷ ಸಮಯ ಕೊಡಿ.

7. ಕೊನೆಗೆ ಮಾತ್ರ ಕಿಲ್ -9. ಇದು ಪ್ರೋಗ್ರಾಂಗೆ ತಲುಪೋದೇ ಇಲ್ಲ, ಕರ್ನೆಲ್ ನೇರವಾಗಿ ಅದನ್ನು ಎತ್ತಿ ಹೊರಗೆ ಹಾಕುತ್ತೆ. ಸೇವ್ ಮಾಡೋಕೆ ಅವಕಾಶ ಇಲ್ಲ. ಇದಕ್ಕೂ ಸಾಯದ ಪ್ರಾಸೆಸ್ ಇದ್ರೆ ಟಾಪ್‌ನ ಎಸ್ ಕಾಲಂ ನೋಡಿ. ಡಿ ಅಂತ ಇದ್ರೆ ಅದು ಡಿಸ್ಕ್ ಅಥವಾ ನೆಟ್‌ವರ್ಕ್ ಸ್ಟೋರೇಜ್‌ನ ಉತ್ತರಕ್ಕೆ ಕಾಯ್ತಿರಬಹುದು. ಹತ್ತು ಸಲ -9 ಕೊಟ್ರೂ ಪ್ರಯೋಜನ ಇಲ್ಲ. ಝಡ್ ಇದ್ರೆ ಅದು ಆಗಲೇ ಸತ್ತಿದೆ, ಅಪ್ಪ ಪ್ರಾಸೆಸ್ ಬಂದು ಲೆಕ್ಕ ಚುಕ್ತಾ ಮಾಡಿಲ್ಲ ಅಷ್ಟೇ.

ಕಾಯಿಲೆ ಬರದ ಹಾಗೆ

ಕಿಲ್ ಮಾಡೋ ಪರಿಸ್ಥಿತಿಯೇ ಬರದ ಹಾಗೆ ಮಾಡೋದು ಇನ್ನೂ ಒಳ್ಳೇದು. ಸಿಸ್ಟಂಡಿ ಇರೋ ಲಿನಕ್ಸ್‌ನಲ್ಲಿ ಒಬ್ಬೊಬ್ಬ ಯೂಸರ್‌ಗೂ ಒಂದು ಸ್ಲೈಸ್ ಇರುತ್ತೆ. ಅಡ್ಮಿನ್ ಅದಕ್ಕೆ ಸಿಪಿಯು ಕೋಟಾ ಶೇಕಡಾ 200 ಅಂತ ಇಟ್ರೆ, ಆ ಯೂಸರ್‌ನ ಎಲ್ಲ ಪ್ರಾಸೆಸ್ ಸೇರಿ ಎರಡು ಕೋರ್‌ಗಿಂತ ಜಾಸ್ತಿ ಬಳಸೋಕಾಗಲ್ಲ. ಮೆಮೊರಿಗೂ ಹಾಗೇ ಮಿತಿ ಹಾಕಬಹುದು. ಆದ್ರೆ ಕೋಟಾ ಇದ್ರೆ ಸರ್ವರ್ ಖಾಲಿ ಇರೋ ರಾತ್ರಿಯಲ್ಲೂ ಎರಡೇ ಕೋರ್. ಅದರ ಬದಲು ಸಿಪಿಯು ವೇಟ್ ಇಟ್ರೆ, ರಶ್ ಇದ್ದಾಗ ಯೂಸರ್‌ಗಳಿಗೆ ಸಮನಾಗಿ ಹಂಚಿ, ಖಾಲಿ ಇದ್ದಾಗ ಬೇಕಾದವರಿಗೆ ಎಲ್ಲ ಕೊಡುತ್ತೆ. ಕಾಲೇಜ್ ಸರ್ವರ್‌ಗೆ ಇದೇ ಚೆನ್ನ ಅಂತ ನನ್ನ ಅಭಿಪ್ರಾಯ. ಜೊತೆಗೆ, ಜಿಪಿಯು ಇಲ್ಲದ ಕಡೆ ಗ್ನೋಮ್ ಬದಲು ಎಕ್ಸ್‌ಎಫ್‌ಸಿಇ ತರಹದ ಹಗುರ ಡೆಸ್ಕ್‌ಟಾಪ್ ಹಾಕಿ ಕಾಂಪೊಸಿಟಿಂಗ್ ಆಫ್ ಮಾಡಿದ್ರೆ ಎಲ್‌ಎಲ್‌ವಿಎಂಪೈಪ್‌ನ ತಂಟೆಯೇ ಕಡಿಮೆ.

ನಮ್ಮ ನಿಮ್ಮ ಕಡೆಯಿಂದಲೂ ಆಗೋದಿದೆ. ಉದ್ದ ಓಡೋ ಕೆಲಸವನ್ನು ವಿಂಡೋ ಇಲ್ಲದೆ ಟಿಮಕ್ಸ್ ಒಳಗೆ ಓಡಿಸಿ, ಶುರು ಮಾಡುವಾಗಲೇ ನೈಸ್ ಹಾಕಿ. ಟೂಲ್‌ನಲ್ಲಿ ಚೆಕ್‌ಪಾಯಿಂಟ್ ಸೇವ್ ಮಾಡೋ ಆಪ್ಷನ್ ಇದ್ರೆ ಆನ್ ಮಾಡಿ. ಕೆಲಸ ಮುಗಿದ ಮೇಲೆ ವಿಎನ್‌ಸಿ ಕಿಟಕಿ ಮುಚ್ಚೋದು ಬೇರೆ, ಲಾಗೌಟ್ ಆಗೋದು ಬೇರೆ. ಬೆಂಚ್‌ನಿಂದ ಎದ್ದು ಹೋಗೋದಕ್ಕೂ ಬ್ಯಾಗ್ ತಗೊಂಡು ಹೋಗೋದಕ್ಕೂ ಇರೋ ವ್ಯತ್ಯಾಸ ಅದು.

ಆ ಬೆಳಿಗ್ಗೆ

ಫೋನ್‌ನಲ್ಲಿ ಅಕ್ಕ ಕೇಳಿದ್ದು, "ರಾತ್ರಿ ಸರ್ವರ್ ರೀಸ್ಟಾರ್ಟ್ ಆಯ್ತೇನೋ?" ಅಂತ. ಹೌದು ಅಂದುಬಿಡಬಹುದಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಒಂದು ಕ್ಷಣ ಆ ಯೋಚನೆ ಬಂದಿದ್ದು ನಿಜ. ಆಮೇಲೆ ಹೇಳಿದೆ, "ಇಲ್ಲ ಅಕ್ಕ, ನಾನೇ ಕಿಲ್ ಮಾಡಿದ್ದು."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಬೈತಾರೆ ಅಂತ ಕಾಯ್ತಿದ್ದೆ. ಅವರು ಇಷ್ಟೇ ಅಂದ್ರು: "ಒಂದು ಫೋನ್ ಮಾಡಿದ್ರೆ ವಿಂಡೋ ಮಿನಿಮೈಸ್ ಮಾಡ್ತಿದ್ದೆ ಕಣೋ. ನಾನಿನ್ನೂ ಎದ್ದೇ ಇದ್ದೆ."

ರಿವ್ಯೂಗೆ ಅವರಿಗೆ ಎರಡು ದಿನ ಇತ್ತು. ಸಿಮ್ಯುಲೇಶನನ್ನು ಮತ್ತೆ ಶುರು ಮಾಡಿದ್ರು. ಈ ಸಲ ಟಿಮಕ್ಸ್ ಒಳಗೆ, ವಿಂಡೋ ಇಲ್ಲದೆ, ಚೆಕ್‌ಪಾಯಿಂಟ್ ಸಮೇತ. ಸೆಟ್ ಮಾಡೋಕೆ ನಾನೂ ಪಕ್ಕದಲ್ಲಿ ಕೂತಿದ್ದೆ. ರಿಸಲ್ಟ್ ರಿವ್ಯೂ ದಿನ ಬೆಳಗಿನ ಜಾವ ಬಂತು. ನಾನು ನಡೆದಿದ್ದನ್ನು ಸರ್‌ಗೆ ಹೇಳಿ, ಪರ್ಮಿಶನ್ ವಾಪಸ್ ತಗೊಳ್ಳಿ ಅಂದೆ. ಅವರು ತಗೊಳ್ಳಲಿಲ್ಲ. ಸರ್ವರ್‌ಗೆ ಲಾಗಿನ್ ಆದ ತಕ್ಷಣ ಕಾಣೋ ಮೆಸೇಜ್‌ನಲ್ಲಿ ಎರಡು ಸಾಲು ಸೇರಿಸೋಕೆ ಹೇಳಿದ್ರು. ಅವು ಈಗಲೂ ಅಲ್ಲಿವೆ: ಉದ್ದ ಕೆಲಸ ಇದ್ರೆ ಹೆಸರು, ಫೋನ್ ನಂಬರ್, ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಲ್ಯಾಬ್ ಬೋರ್ಡ್ ಮೇಲೆ ಬರೆಯಿರಿ. ಕಿಲ್ ಮಾಡೋಕೆ ಮುಂಚೆ ಬೋರ್ಡ್ ನೋಡಿ.